ಚಿಕ್ಕ ಮನೆ, ಎರಡು ವರ್ಷದ ಮಗು, ಕೈಗೆ ಬಂದ ಪಟ್ಟದ ಗೊಂಬೆ: ದಸರೆಗೆ ಗೊಂಬೆ ಕೂರಿಸುವುದು ಹೇಗೆ?

ಪ್ರಶ್ನೆ: ಧಾರವಾಡದ ಮಗಳು, ಮೈಸೂರಿನ ಸೊಸೆ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಬೆಳೆದು ಮೈಸೂರಿನ ಮನೆಗೆ ಸೊಸೆಯಾಗಿ ಬಂದವಳು. ಈಗ ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನಮ್ಮ ತವರಿನಲ್ಲಿ ನವರಾತ್ರಿಗೆ ಘಟ್ಟ ಹಾಕುತ್ತಾರೆ (ದೇವರ ಮುಂದೆ ಮಣ್ಣಿನಲ್ಲಿ ಕಾಳು ಬಿತ್ತಿ ಸಸಿ ಬೆಳೆಸುವುದು), ದೀಪ ಇಡುತ್ತಾರೆ, ದಶಮಿಯ ದಿನ ಬನ್ನಿ ಕೊಟ್ಟು ತೆಗೆದುಕೊಳ್ಳುತ್ತಾರೆ. ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸುವ ಪದ್ಧತಿ ಇಲ್ಲ. ಹಾಗಾಗಿ ಮದುವೆಯಲ್ಲಿ ನನಗೆ ಪಟ್ಟದ ಗೊಂಬೆಯನ್ನು ಯಾರೂ ಕೊಟ್ಟಿರಲಿಲ್ಲ.

ಅತ್ತೆಯವರಿಗೆ ಮೊಣಕಾಲು ನೋವು. ಮೈಸೂರಿನ ಮನೆಯಲ್ಲಿ ಇನ್ನು ತಮ್ಮಿಂದ ಕೂರಿಸಲು ಆಗುವುದಿಲ್ಲ ಎಂದು, ಅವರ ಮದುವೆಯಲ್ಲಿ ಅವರ ತಾಯಿ ಕೊಟ್ಟಿದ್ದ ಜೋಡಿಯನ್ನೇ ಈ ಸಲ ನನ್ನ ಕೈಗಿಟ್ಟಿದ್ದಾರೆ. ರಕ್ತಚಂದನದ ರಾಜ ರಾಣಿ, ಗೇಣಿಗಿಂತ ಸ್ವಲ್ಪ ಎತ್ತರ. ಜೊತೆಗೆ ಒಂದು ದೊಡ್ಡ ತಗಡಿನ ಟ್ರಂಕು. ಅದರಲ್ಲಿ ಮಣ್ಣಿನ ದಶಾವತಾರ, ಶೆಟ್ಟಿ ಶೆಟ್ಟಮ್ಮ, ಜಂಬೂಸವಾರಿಯ ಸೈನಿಕರು ಮತ್ತು ಅಂಬಾರಿ ಆನೆ, ಚನ್ನಪಟ್ಟಣದ ಮರದ ವಾದ್ಯಗೋಷ್ಠಿ, ಪಿಂಗಾಣಿಯ ನಾಯಿಮರಿಗಳು, ಒಂದು ತಲೆಯಾಡಿಸುವ ತಂಜಾವೂರಿನ ಗೊಂಬೆ, ಇನ್ನೂ ಏನೇನೋ. ಪ್ರತಿಯೊಂದನ್ನೂ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಾರೆ. ಬಿಚ್ಚಿ ನೋಡಿದಾಗಿನಿಂದ ನನಗೆ ಸಂತೋಷವೂ ಇದೆ, ಇದನ್ನು ಸರಿಯಾಗಿ ಮಾಡಬೇಕೆಂಬ ಹಂಬಲವೂ ಇದೆ.

ನಮ್ಮ ಹಾಲ್ ಹತ್ತು ಅಡಿಗೆ ಹನ್ನೆರಡು ಅಡಿ. ಟಿ.ವಿ.ಗೂ ಬಾಲ್ಕನಿಯ ಬಾಗಿಲಿಗೂ ನಡುವೆ ನಾಲ್ಕು ಅಡಿ ಗೋಡೆ ಸಿಗುತ್ತದೆ, ಅಷ್ಟೇ. ಕಬ್ಬಿಣದ ಮಡಚುವ ಮೆಟ್ಟಿಲು ಕೊಳ್ಳಬೇಕೇ? ಯಾವ ಗೊಂಬೆ ಎಲ್ಲಿ ಕೂರಬೇಕು? ಎಲ್ಲವನ್ನೂ ಇಟ್ಟರೆ ಅಂಗಡಿಯ ಕಪಾಟಿನಂತೆ ಕಾಣುತ್ತದೆಯೇನೋ ಎಂಬ ಅಳುಕಿದೆ. ನಾನು ಕಚೇರಿಯಿಂದ ಬರುವಾಗ ಸಂಜೆ ಆರೂವರೆ, ಆದ್ದರಿಂದ ಒಂಬತ್ತು ದಿನವೂ ತಿಂಡಿ ಮಾಡುವುದು ಕಷ್ಟ. ಎಲ್ಲಕ್ಕಿಂತ ದೊಡ್ಡ ಚಿಂತೆ ಮಗಳದು. ಅವಳಿಗೆ ಎರಡು ವರ್ಷ, ಕಂಡದ್ದನ್ನೆಲ್ಲ ಎತ್ತಿಕೊಳ್ಳುತ್ತಾಳೆ. ಎತ್ತರದ ಮೇಜಿನ ಮೇಲೆ ಜೋಡಿಸಿ ಮುಂದೆ ಗಾಜು ಇಡಿಸಲೇ?

---

ಉತ್ತರ: ಅಗ್ರಹಾರದ ಟೀಚರ್, ಮೈಸೂರು

ನನ್ನ ಮಗಳ ವಯಸ್ಸಿನವಳು ನೀನು, ಆದ್ದರಿಂದ ಏಕವಚನದಲ್ಲಿಯೇ ಬರೆಯುತ್ತೇನೆ. ಅಗ್ರಹಾರದಲ್ಲಿ ಹುಟ್ಟಿ, ಇಲ್ಲಿಯೇ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಬೊಂಬೆಯ ವಿಷಯ ಬಂದರೆ ನನ್ನ ಮಾತು ಉದ್ದವಾಗುತ್ತದೆ, ಸಾವಧಾನವಾಗಿ ಓದು.

ಕೊನೆಯ ಪ್ರಶ್ನೆಗೆ ಮೊದಲ ಉತ್ತರ. ಮಗು ಮುಟ್ಟುತ್ತದೆ ಎಂದು ಬೊಂಬೆಗಳನ್ನು ಮೇಜಿಗೆ ಏರಿಸಬೇಡ, ಗಾಜಿನ ಹಿಂದೆ ಬಚ್ಚಿಡಬೇಡ. ಬೊಂಬೆ ಕೂರಿಸುವುದೇ ಮಕ್ಕಳಿಗಾಗಿ. ನಮ್ಮ ಬೀದಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ‘ಬೊಂಬೆ ಕೂರಿಸಿದ್ದೀರಾ?’ ಎಂದು ಮನೆಮನೆಯ ಬಾಗಿಲಲ್ಲಿ ಕೇಳುತ್ತಿದ್ದವರು ಮಕ್ಕಳೇ. ಅರಿಶಿನ ಕುಂಕುಮಕ್ಕೆ ಬಂದ ದೊಡ್ಡವರು ಒಮ್ಮೆ ಕಣ್ಣು ಹಾಯಿಸಿ ಮಾತಿಗೆ ಕುಳಿತುಬಿಡುತ್ತಿದ್ದರು. ನೆಲಕ್ಕೆ ಕುಕ್ಕರುಗಾಲಿನಲ್ಲಿ ಕುಳಿತು ಒಂದೊಂದನ್ನೂ ನೋಡುತ್ತಿದ್ದವರು ಮಕ್ಕಳು. ಆದ್ದರಿಂದ ಜೋಡಿಸುವಾಗ ನಿಂತು ನೋಡಬೇಡ, ಕುಳಿತು ನೋಡು. ನಿನ್ನ ಮಗಳ ಕಣ್ಣು ನೆಲದಿಂದ ಹೆಚ್ಚೆಂದರೆ ಎರಡೂವರೆ ಅಡಿ ಎತ್ತರದಲ್ಲಿರುತ್ತದೆ. ಆ ಎತ್ತರದಿಂದ ಏನು ಕಾಣುತ್ತದೆಯೋ ಅದನ್ನು ಚೆನ್ನಾಗಿ ಮಾಡು. ಮೇಲಿನ ಮೆಟ್ಟಿಲಿಗೆ ಸಂಪ್ರದಾಯ ಇದೆ, ಅದು ತಾನೇ ನಡೆದುಹೋಗುತ್ತದೆ. ತಲೆ ಓಡಿಸಬೇಕಾದದ್ದು ಕೆಳಗಿನ ಮೆಟ್ಟಿಲಿಗೆ ಮತ್ತು ಅದರ ಮುಂದಿನ ನೆಲಕ್ಕೆ.

ಮೆಟ್ಟಿಲು ಮೂರು ಸಾಕು. ಮೂರು, ಐದು, ಏಳು, ಒಂಬತ್ತು ಎಂದು ಬೆಸ ಸಂಖ್ಯೆಯಲ್ಲಿರಬೇಕು ಎಂಬುದಷ್ಟೇ ರೂಢಿ. ಕಬ್ಬಿಣದ ಮೆಟ್ಟಿಲನ್ನು ಈ ವರ್ಷ ಕೊಳ್ಳಬೇಡ. ಬಾಡಿಗೆ ಮನೆಯಲ್ಲಿ ಉಳಿದ ಹನ್ನೊಂದು ತಿಂಗಳು ಅದನ್ನು ಎಲ್ಲಿಡುತ್ತೀಯೆ? ಬೊಂಬೆ ಬಂದ ಟ್ರಂಕನ್ನೇ ಗೋಡೆಗೆ ಒತ್ತಿ ಇಡು, ಅದು ಮೇಲಿನ ಮೆಟ್ಟಿಲು. ಅದರ ಮುಂದೆ ಗಟ್ಟಿ ಸೂಟ್‌ಕೇಸ್ ಮಲಗಿಸು, ಅದು ನಡುವಿನದು. ಅದರ ಮುಂದೆ ಎರಡು ಮಣೆಗಳನ್ನು ಪಕ್ಕಪಕ್ಕ ಇಡು. ಒಂದೊಂದು ಮೆಟ್ಟಿಲೂ ಒಂಬತ್ತು ಹತ್ತು ಅಂಗುಲ ಆಳವಿರಲಿ, ಇಲ್ಲದಿದ್ದರೆ ಹಿಂದಿನ ಸಾಲಿನ ಬೊಂಬೆ ಮುಂದಿನದರ ಬೆನ್ನಿಗೆ ತಾಗುತ್ತದೆ. ಎತ್ತರ ಕಡಿಮೆಯಾದಲ್ಲಿ ಹಳೆಯ ಪುಸ್ತಕಗಳನ್ನು ಕೊಡು. ಎಲ್ಲ ಇಟ್ಟಾದ ಮೇಲೆ ಎರಡು ಅಂಗೈ ಊರಿ ನಿನ್ನ ಭಾರ ಹಾಕಿ ನೋಡು. ಒಂದಿಷ್ಟಾದರೂ ಅಲುಗಿದರೆ ಬಿಚ್ಚಿ ಮತ್ತೆ ಕಟ್ಟು, ಏಕೆಂದರೆ ಮಗು ಅದನ್ನೇ ಹಿಡಿದು ನಿಲ್ಲುತ್ತದೆ. ಮೇಲೆ ಜರಿ ಅಂಚಿನ ಬಿಳಿ ಪಂಚೆ ಹಾಸಿ, ಅಂಚು ಪ್ರತಿ ಮೆಟ್ಟಿಲಿನ ಮುಂಭಾಗಕ್ಕೆ ಬರುವಂತೆ ಮಡಚಿ ಒಳಗಿನಿಂದ ಪಿನ್ನು ಹಾಕು. ಬಟ್ಟೆಯ ತುದಿ ನೆಲದ ಮೇಲೆ ಇಳಿಬಿದ್ದಿರಬಾರದು. ಮಗು ಎಳೆಯುವುದು ಬೊಂಬೆಯನ್ನಲ್ಲ, ಬಟ್ಟೆಯನ್ನು.

ಇನ್ನು ಪಟ್ಟದ ಬೊಂಬೆ. ಪಾಡ್ಯದ ಬೆಳಗ್ಗೆ ಎಲ್ಲಕ್ಕಿಂತ ಮೊದಲು ಕೂರುವುದು ಈ ಜೋಡಿ, ಕಲಶದ ಪಕ್ಕದಲ್ಲಿ. ವರ್ಷವರ್ಷವೂ ಹೊಸ ಬಟ್ಟೆ ಉಡಿಸಬೇಕು. ಅಂಗಡಿಯಲ್ಲಿ ಹೊಲಿದ ಉಡುಪು ಸಿಗುತ್ತದೆ, ದಯವಿಟ್ಟು ಅದನ್ನು ತರಬೇಡ. ನೀನು ಧಾರವಾಡದ ಹುಡುಗಿ, ತವರಿನಿಂದ ಒಂದು ಗುಳೇದಗುಡ್ಡದ ಖಣ ತರಿಸಿಕೊ. ರಾಣಿಗೆ ಅದನ್ನು ಉಡಿಸಿದರೆ ಎಷ್ಟು ಚೆನ್ನಾಗಿರುತ್ತದೆ ಗೊತ್ತೇ? ಖಣದ ಅಂಚು ಕಿರಿದು, ಬುಟ್ಟಾ ಸಣ್ಣದು, ಗೇಣುದ್ದದ ಬೊಂಬೆಗೆ ಅಳತೆ ಕೊಟ್ಟು ನೇಯಿಸಿದಂತೆ ಹೊಂದುತ್ತದೆ. ಉಡಿಸುವ ಕ್ರಮ ಹೀಗೆ: ಬೊಂಬೆಯ ಸೊಂಟದಿಂದ ಪಾದದವರೆಗೆ ಅಳೆದು, ಅದಕ್ಕಿಂತ ಒಂದು ಅಂಗುಲ ಹೆಚ್ಚಿಗೆ ಕತ್ತರಿಸು. ಕಿರುಬೆರಳಿನ ಅಗಲಕ್ಕೆ ನೆರಿಗೆ ಹಿಡಿದು, ದಾರದಿಂದ ಸಡಿಲವಾಗಿ ಕಟ್ಟಿ, ಭಾರವಾದ ಪುಸ್ತಕದ ಕೆಳಗೆ ಒಂದು ರಾತ್ರಿ ಇಡು. ಬೆಳಗ್ಗೆ ನೆರಿಗೆ ಗರಿಗರಿಯಾಗಿ ನಿಂತಿರುತ್ತದೆ. ಆಗ ಸೊಂಟಕ್ಕೆ ಸುತ್ತಿ ಹತ್ತಿಯ ದಾರದಿಂದ ಬಿಗಿದು, ಆ ಗಂಟಿನ ಮೇಲೆ ಜರಿಯ ಡಾಬು ಕಟ್ಟು. ಸೆರಗಿಗೆ ಬೇರೆ ತುಂಡು ಬೇಕು, ಒಂದೇ ಬಟ್ಟೆಯಲ್ಲಿ ಮಾಡಲು ಹೋದರೆ ಭುಜದ ಬಳಿ ಗುಡ್ಡೆಯಾಗುತ್ತದೆ. ಜಡೆಗೆ ಕಪ್ಪು ಉಣ್ಣೆಯ ದಾರ. ರಾಜನಿಗೆ ಪಂಚೆ, ಶಲ್ಯ, ಮೈಸೂರು ಪೇಟ. ಪೇಟವನ್ನು ನೇರವಾಗಿ ತಲೆಗೆ ಸುತ್ತಬೇಡ, ಕಾಗದದ ಟೊಪ್ಪಿ ಮಾಡಿ ಅದರ ಮೇಲೆ ಜರಿಪಟ್ಟಿ ಸುತ್ತಿ ತೊಡಿಸು. ಎಲ್ಲಿಯೂ ಅಂಟು ಬಳಸಬೇಡ. ಮರಕ್ಕೆ ಅಂಟು ತಾಗಿದರೆ ಮುಂದಿನ ವರ್ಷ ಬಿಡಿಸುವಾಗ ಬಣ್ಣ ಕಿತ್ತು ಬರುತ್ತದೆ.

ಟ್ರಂಕಿನಲ್ಲಿರುವುದನ್ನೆಲ್ಲ ಇಡಬೇಡ. ಅರ್ಧ ತೆಗೆ, ಅರ್ಧ ಮುಂದಿನ ವರ್ಷಕ್ಕೆ ಇರಲಿ. ಎರಡು ಬೊಂಬೆಗಳ ನಡುವೆ ನಾಲ್ಕು ಬೆರಳು ಜಾಗ ಬಿಡು. ನೀನು ಹೇಳಿದ ಅಂಗಡಿಯ ಕಪಾಟು ಹುಟ್ಟುವುದು ಒತ್ತೊತ್ತಾಗಿ ಇಡುವುದರಿಂದ ಮಾತ್ರವಲ್ಲ, ಎಲ್ಲ ಬೊಂಬೆಗಳೂ ನಮ್ಮ ಕಡೆಗೇ ಮುಖ ಮಾಡಿ ನಿಲ್ಲುವುದರಿಂದ. ದೇವರು ನಮ್ಮನ್ನು ನೋಡಲಿ. ಉಳಿದವರು ಒಬ್ಬರನ್ನೊಬ್ಬರು ನೋಡಲಿ, ಆಗ ಅಲ್ಲಿ ಒಂದು ಪ್ರಸಂಗ ನಡೆಯುತ್ತದೆ. ನಡುವಿನ ಮೆಟ್ಟಿಲಿಗೆ ಜಂಬೂಸವಾರಿ. ಅದು ಒಂದೇ ದಿಕ್ಕಿಗೆ ಸಾಗಬೇಕು: ಮುಂದೆ ನಂದಿಧ್ವಜ, ನಗಾರಿಯ ನೌಬತ್ತಿನ ಆನೆ ಮತ್ತು ಬಾವುಟದ ನಿಶಾನೆ ಆನೆ, ಸೈನಿಕರು, ವಾದ್ಯದವರು, ಆಮೇಲೆ ಅಂಬಾರಿ. ಅಂಬಾರಿಯ ಮುಂದೆ ಸ್ವಲ್ಪ ಬಯಲು ಬಿಡು, ಆಗಲೇ ಆನೆಗೆ ಗಾಂಭೀರ್ಯ. ನಿನ್ನ ಅತ್ತೆಯವರ ಅಂಬಾರಿಯಲ್ಲಿ ಯಾರಿದ್ದಾರೆ ನೋಡು. ಹಳೆಯ ಕಾಲದ ಬೊಂಬೆಯಾದರೆ ಮಹಾರಾಜರು ಕುಳಿತಿರುತ್ತಾರೆ, ಈಚಿನದಾದರೆ ಚಾಮುಂಡೇಶ್ವರಿ. ಮೆರವಣಿಗೆಯಲ್ಲಿ ರಾಜರ ಬದಲು ದೇವಿಯ ಮೂರ್ತಿ ಬಂದ ಮೇಲೆ ಬೊಂಬೆ ಮಾಡುವವರೂ ಬದಲಾಯಿಸಿಕೊಂಡರು. ಮಗಳು ದೊಡ್ಡವಳಾದ ಮೇಲೆ ಇದನ್ನೇ ತೋರಿಸಿ ಕಥೆ ಹೇಳಬಹುದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದಲ್ಲಿಂದ ಹಿಡಿದರೆ ಒಂಬತ್ತು ಸಂಜೆಗೂ ಸಾಕಾಗುತ್ತದೆ.

ಕೆಳಗಿನ ಮಣೆಯ ಮೇಲೆ ಮರದ ಬೊಂಬೆ, ಬಟ್ಟೆಯ ಬೊಂಬೆ ಮಾತ್ರ. ಬಿದ್ದರೆ ಒಡೆಯದ್ದು, ಬಾಯಿಗೆ ಹೋಗದಷ್ಟು ದೊಡ್ಡದು. ಚನ್ನಪಟ್ಟಣದ ವಾದ್ಯಗೋಷ್ಠಿಯನ್ನು ಅಲ್ಲಿಗೇ ತಾ, ಬಿಡಿಬಿಡಿಯಾದ ಸಣ್ಣ ಭಾಗಗಳಿದ್ದರೆ ಅವನ್ನು ಮಾತ್ರ ಮೇಲಿಡು. ಮಗಳು ಎತ್ತಿಕೊಳ್ಳಲಿ, ಆಡಲಿ, ಮಲಗುವ ಮುಂಚೆ ನೀವಿಬ್ಬರೂ ಸೇರಿ ತಿರುಗಿ ಜೋಡಿಸಿ. ‘ಇದು ನಿನ್ನದು, ಮೇಲಿನದು ಅಜ್ಜಿಯದು’ ಎಂದು ಮೊದಲ ದಿನವೇ ಹೇಳು. ಶಾಲೆಯಲ್ಲಿ ಕಲಿತ ಪಾಠ ಇದು: ಒಂದನ್ನಾದರೂ ಮುಟ್ಟಲು ಬಿಟ್ಟ ಮಗು ಉಳಿದುದರ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ. ಪಿಂಗಾಣಿ ಮತ್ತು ಮಣ್ಣಿನವು ಮೇಲಿನ ಎರಡು ಮೆಟ್ಟಿಲಿನಲ್ಲಿ, ಅಂಚಿನಿಂದ ಒಳಕ್ಕೆ ಇರಲಿ.

ಶೆಟ್ಟಿ ಶೆಟ್ಟಮ್ಮನನ್ನು ನೆಲದ ಒಂದು ಮೂಲೆಯಲ್ಲಿ ಕೂರಿಸಿ, ಮುಂದೆ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ರಾಗಿ, ತೊಗರಿಬೇಳೆ, ಬೆಲ್ಲ ಇಡುವುದು ವಾಡಿಕೆ. ನಿನ್ನ ಮನೆಯಲ್ಲಿ ಈ ವರ್ಷ ಇಬ್ಬರನ್ನೂ ನಡುವಿನ ಮೆಟ್ಟಿಲಿನ ತುದಿಗೆ ಏರಿಸು. ಕಾಳು ಮೂಗಿಗೆ ಹಾಕಿಕೊಳ್ಳುವ ವಯಸ್ಸು ಮಗುವಿನದು. ಇನ್ನೊಂದು ಮೂಲೆಗೆ ಪಾರ್ಕು, ಅಂದರೆ ಬೊಂಬೆ ನಿಲ್ಲಿಸುವ ಹಸಿರು ತಟ್ಟೆ. ಅಗಲವಾದ ತಟ್ಟೆಯಲ್ಲಿ ಜರಡಿ ಹಿಡಿದ ಮಣ್ಣು ಎರಡು ಬೆರಳು ದಪ್ಪ ಹರಡಿ, ರಾತ್ರಿ ನೆನೆಸಿದ ರಾಗಿಯನ್ನು ಒತ್ತಾಗಿ ಉದುರಿಸಿ, ಮೇಲೆ ತೆಳ್ಳಗೆ ಮಣ್ಣು ಮುಚ್ಚಿ ಒದ್ದೆ ಬಟ್ಟೆ ಹೊದಿಸು. ಪಾಡ್ಯಕ್ಕೆ ಐದಾರು ದಿನ ಮೊದಲು ಬಿತ್ತಿದರೆ ಹಬ್ಬದ ದಿನ ಹಸಿರು ಎದ್ದಿರುತ್ತದೆ. ಅಷ್ಟಮಿಯ ಹೊತ್ತಿಗೆ ಪೈರು ಉದ್ದವಾಗಿ ಬಾಗುತ್ತದೆ, ಆಗ ಕತ್ತರಿಯಿಂದ ಸಮ ಮಾಡು, ಅಥವಾ ಪಾಡ್ಯದ ದಿನವೇ ಇನ್ನೊಂದು ತಟ್ಟೆಗೆ ಬಿತ್ತಿಡು. ದಿನಾ ನೀರು ಚಿಮುಕಿಸುವ ಕೆಲಸ ಮಗಳದು. ಎಣ್ಣೆಯ ದೀಪ ಮಾತ್ರ ಮೆಟ್ಟಿಲಿನ ಮೇಲೂ ಬೇಡ, ನೆಲದ ಮೇಲೂ ಬೇಡ, ದೇವರ ಕೋಣೆಯಲ್ಲಿರಲಿ. ಸಂಜೆಯ ಆರತಿ ನಿನ್ನ ಕೈಯಲ್ಲಿ ಬೆಳಗಿ ಮುಗಿಯಲಿ.

ಬೊಂಬೆ ಬಾಗಿನಕ್ಕೆ, ಅಂದರೆ ಬೊಂಬೆ ನೋಡಲು ಬಂದ ಮಕ್ಕಳಿಗೆ ಕೊಡುವ ತಿಂಡಿಗೆ, ಹೆದರಬೇಡ. ಅದರ ಚೆಂದವೇ ಚಿಕ್ಕದಾಗಿರುವುದು. ಬೆರಳಿನ ಉಂಗುರದಷ್ಟು ಕೋಡುಬಳೆ, ನಾಲ್ಕಾಣೆಯಷ್ಟು ಚಕ್ಕುಲಿಯನ್ನು ಹಬ್ಬದ ಹಿಂದಿನ ಭಾನುವಾರ ಕರಿದು ಡಬ್ಬಕ್ಕೆ ತುಂಬಿದರೆ ಅರ್ಧ ನವರಾತ್ರಿ ಕಳೆಯುತ್ತದೆ. ಉಳಿದ ದಿನ ಕಡಲೆಕಾಳಿನ ಗುಗ್ಗರಿ, ಇಲ್ಲವೇ ಹುರಿಗಡಲೆ, ಕೊಬ್ಬರಿ ಚೂರು, ಬೆಲ್ಲ. ಒಂಬತ್ತು ದಿನ ಆಗದಿದ್ದರೆ ಸರಸ್ವತಿ ಪೂಜೆಯ ದಿನದಿಂದ ಕೂರಿಸುವವರೂ ನಮ್ಮ ಬೀದಿಯಲ್ಲಿದ್ದಾರೆ. ದಶಮಿಯ ರಾತ್ರಿ ಆರತಿ ಮಾಡಿ ಪಟ್ಟದ ಬೊಂಬೆಯನ್ನು ಮಲಗಿಸು, ಮರುದಿನ ಎಲ್ಲವನ್ನೂ ಒಳಗಿಡು. ಪ್ರತಿವರ್ಷ ಒಂದಾದರೂ ಹೊಸ ಬೊಂಬೆ ಸೇರಬೇಕು ಎಂಬ ರೂಢಿಯಿದೆ, ಈ ವರ್ಷದ್ದನ್ನು ಮಗಳೇ ಆರಿಸಲಿ.

ಮೈಸೂರಿಗೆ ಬಂದಾಗ ಅರಮನೆಯ ಗೊಂಬೆ ತೊಟ್ಟಿಯನ್ನು ನಿಧಾನವಾಗಿ ನೋಡು. ದಸರೆಯ ಮುಂಚೆ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ನಜರ್‌ಬಾದಿನಲ್ಲಿ ‘ಬೊಂಬೆ ಮನೆ’ ಎಂಬ ಪ್ರದರ್ಶನ ನಡೆಸುತ್ತಾರೆ. ನಾಡಿನ ಬೇರೆ ಬೇರೆ ಕಡೆಯ ಬೊಂಬೆಗಳು ಒಂದೇ ಸೂರಿನಡಿ ಸಿಗುತ್ತವೆ, ಜೋಡಿಸುವ ಬಗೆಯೂ ಕಣ್ಣಿಗೆ ಬೀಳುತ್ತದೆ.

---

ಉತ್ತರ: ಅರಗಿನ ಕೈ, ಚನ್ನಪಟ್ಟಣ

ಟೀಚರ್ ಅಮ್ಮನವರು ಜೋಡಣೆಯ ಬಗ್ಗೆ ಎಲ್ಲವನ್ನೂ ಹೇಳಿದ್ದಾರೆ. ನಾನು ಪಟ್ಟರೆ ಯಂತ್ರದ ಮುಂದೆ ಕುಳಿತು ಮರ ಕಡೆಯುವವನು, ನಿಮ್ಮ ವಾದ್ಯಗೋಷ್ಠಿಯ ಆರೈಕೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಅಕ್ಕ.

ನಮ್ಮ ಊರಿನ ಗೊಂಬೆಗೆ ಬಳಸುವುದು ಆಲೆ ಮರ. ಮೈ ಬೆಳ್ಳಗೆ, ನುಣ್ಣಗೆ ಇರುತ್ತದೆ. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ, ಉಜ್ಜುವ ಬಿಸಿಗೆ ಅರಗು ಕರಗಿ ಮರದ ಮೈಗೆ ಹಿಡಿಯುತ್ತದೆ. ಆಮೇಲೆ ಒಣಗಿದ ತಾಳೆಗರಿಯಿಂದ ತೀಡಿ ಹೊಳಪು ಬರಿಸುತ್ತೇವೆ. ಅಂದರೆ ಮೇಲಿರುವುದು ಪೇಂಟ್ ಅಲ್ಲ, ಅರಗು. ಬಿಸಿಗೆ ಹಿಡಿದದ್ದು ಬಿಸಿಗೆ ಬಿಡುತ್ತದೆ. ಹಾಗಾಗಿ ಬಾಲ್ಕನಿಯ ಬಿಸಿಲು ನೇರವಾಗಿ ಬೀಳುವ ಕಡೆ ಇಡಬೇಡಿ, ಬಿಸಿಯಾಗುವ ಹಳೆಯ ಬಲ್ಬುಗಳನ್ನು ಹತ್ತಿರ ತರಬೇಡಿ. ಎಲ್‌ಇಡಿ ಸರವಾದರೆ ತೊಂದರೆಯಿಲ್ಲ, ಅದನ್ನೂ ಗೊಂಬೆಯ ಮೈಗೆ ಸುತ್ತದೆ ಹಿಂದಿನ ಗೋಡೆಗೆ ಬಿಡಿ.

ಇನ್ನೊಂದು ಮಾತನ್ನು ಎಲ್ಲ ತಾಯಂದಿರಿಗೂ ಹೇಳಬೇಕು. ಮಗು ಮುಟ್ಟುತ್ತದೆ ಎಂದು ಸ್ಯಾನಿಟೈಸರ್ ಹಾಕಿ ಒರೆಸುತ್ತಾರೆ. ದಯವಿಟ್ಟು ಬೇಡ. ಅರಗು ಸ್ಪಿರಿಟ್ಟಿನಲ್ಲಿ ಕರಗುವ ವಸ್ತು. ಒಂದೇ ಒರೆತಕ್ಕೆ ಹೊಳಪು ಹೋಗಿ ಮೈ ಅಂಟಂಟಾಗುತ್ತದೆ, ಬಣ್ಣ ಬಟ್ಟೆಗೆ ಬರುತ್ತದೆ. ನೀರಿನಲ್ಲಿ ನೆನೆಸುವುದೂ ಬೇಡ, ಮರ ಉಬ್ಬಿದರೆ ಅರಗು ಬಿರುಕು ಬಿಡುತ್ತದೆ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಉಜ್ಜಿ, ಅಷ್ಟು ಸಾಕು.

ಮಣ್ಣಿನ ಗೊಂಬೆಗಳಿಗೆ ಆ ಒದ್ದೆ ಬಟ್ಟೆಯೂ ಬೇಡ. ಮೆತ್ತನೆಯ ಬಣ್ಣದ ಕುಂಚದಿಂದ ಧೂಳು ಕೊಡವಿ, ಮುಖದ ಕಡೆ ಹಗುರವಾಗಿ. ಹೊಸ ಗೊಂಬೆ ಕೊಳ್ಳುವುದಾದರೆ ಕೊಪ್ಪಳ ಜಿಲ್ಲೆಯ ಕಿನ್ನಾಳದ್ದನ್ನೂ ನೋಡಿ. ಅಲ್ಲಿಯ ಚಿತ್ರಗಾರರು ಹಗುರವಾದ ಮರದ ಮೇಲೆ ಹುಣಸೆಬೀಜದ ಸರಿ ಹಾಕಿ ಬಣ್ಣ ಕಟ್ಟುತ್ತಾರೆ. ನಮ್ಮದರಲ್ಲಿ ದುಂಡಗಿನ ಆಕಾರ ಹೆಚ್ಚು, ಏಕೆಂದರೆ ತಿರುಗಿಸಿ ಕಡೆಯುತ್ತೇವೆ. ಅವರದರಲ್ಲಿ ಮೂಗು, ಕಣ್ಣು, ಬೆರಳುಗಳ ಕೆತ್ತನೆ ಇರುತ್ತದೆ. ಎರಡೂ ಒಂದೇ ಮೆಟ್ಟಿಲಿನಲ್ಲಿ ಕುಳಿತರೆ ನೋಡುವವರಿಗೆ ಎರಡರ ಗುಣವೂ ಕಾಣುತ್ತದೆ.

---

ಉತ್ತರ: ಹುಬ್ಬಳ್ಳಿಯ ಸೋದರತ್ತೆ

ನಮ್ಮ ಕಡೆಯ ಹುಡುಗಿ ಎಂದು ಓದಿ ಖುಷಿಯಾಯಿತು, ತಂಗಿ. ನಮ್ಮಲ್ಲಿ ಗೊಂಬೆ ಇಲ್ಲ ಎಂದು ಮಾತ್ರ ತಿಳಿಯಬೇಡ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವುದು ಯಾರು, ಗುಳ್ಳವ್ವನನ್ನು ಮಾಡುವುದು ಯಾರು, ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಎರೆಯುವುದು ಯಾರು? ಕೈ ಪಳಗಿದೆ, ಮೆಟ್ಟಿಲು ಹೊಸದು, ಅಷ್ಟೇ.

ಒಂದು ವಿಷಯ ಗಮನವಿರಲಿ. ಘಟ್ಟದ ಸಸಿಯನ್ನೇ ಪಾರ್ಕು ಮಾಡಿಬಿಡಬೇಡ. ಟೀಚರ್ ಬಾಯಿಯವರು ಹೇಳಿದ ರಾಗಿಯ ತಟ್ಟೆ ಬೇರೆ, ಘಟ್ಟ ಬೇರೆ. ಘಟ್ಟವನ್ನು ದೇವರ ಮುಂದೆ ಇಟ್ಟು ದಿನಾ ನೀರು ಹಾಕಿ ಪೂಜೆ ಮಾಡು, ಅದರ ಮೇಲೆ ಆನೆ, ಕುದುರೆ ನಿಲ್ಲಿಸುವುದು ಸರಿಯಲ್ಲ. ತವರಿನ ಪದ್ಧತಿಯೂ ಉಳಿಯಲಿ, ಅತ್ತೆಯ ಮನೆಯದೂ ನಡೆಯಲಿ. ನಾಲ್ಕು ಅಡಿ ಗೋಡೆಯಲ್ಲಿ ಎರಡನ್ನೂ ತುರುಕಬೇಕಾಗಿಲ್ಲ.

ದಶಮಿಯ ಸಂಜೆ ಬನ್ನಿ ಕೊಡಲು ಬಂದವರಿಗೆ ಗೊಂಬೆಯ ಮುಂದೆಯೇ ಬನ್ನಿ ಕೊಡು. ‘ಬನ್ನಿ ತೆಗೆದುಕೊಂಡು ಬಂಗಾರದಂತೆ ಇರೋಣ’ ಎಂದು ರಾಜ ರಾಣಿಯ ಪಾದದ ಬಳಿಯೂ ಎರಡು ಎಲೆ ಇಡು. ಗೊಂಬೆ ಒಳಗಿಟ್ಟ ಮೇಲೆ ಗೋಡೆ ಬಣಗುಟ್ಟುತ್ತದಲ್ಲ, ಅದಕ್ಕೂ ದಾರಿ ಇದೆ. ಕಾರ್ತಿಕದ ಗೌರಿ ಹುಣ್ಣಿಮೆ ಬರುವ ಹೊತ್ತಿಗೆ ಮಾರುಕಟ್ಟೆಯಲ್ಲಿ ಸಕ್ಕರೆ ಗೊಂಬೆ ಬರುತ್ತವೆ. ಮನೆಯಲ್ಲಿ ಎರೆಯಬೇಕೆಂದರೆ ಸಾಗವಾನಿ ಅಚ್ಚು ಬೇಕು. ಅಚ್ಚನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ, ಎರಡು ಹೋಳುಗಳನ್ನು ದಾರದಿಂದ ಬಿಗಿದು, ಪಾಕ ಹೊಯ್ದು, ಆರಿದ ಮೇಲೆ ಬಿಚ್ಚಬೇಕು. ನೆನೆಯದ ಅಚ್ಚಿಗೆ ಪಾಕ ಹಿಡಿದುಕೊಂಡು ಆನೆಯ ಸೊಂಡಿಲು ಅಲ್ಲೇ ಉಳಿಯುತ್ತದೆ. ನಿನ್ನ ತಾಯಿಯ ಬಳಿ ಅಚ್ಚು ಇದ್ದೇ ಇರುತ್ತದೆ, ಅಟ್ಟದ ಮೇಲೆ ಹುಡುಕಲು ಹೇಳು. ಖಣದ ಜೊತೆಗೆ ಅದನ್ನೂ ಕಳಿಸಲಿ.

---

ಉತ್ತರ: ನ್ಯೂಜೆರ್ಸಿಯ ಕನ್ನಡತಿ

ಇಲ್ಲಿ ನಮಗೆ ನವರಾತ್ರಿ ಬರುವುದು ಎಲೆ ಕೆಂಪಾಗುವ ಕಾಲದಲ್ಲಿ. ಅಕ್ಕಪಕ್ಕದ ಮನೆಗಳವರು ಬಾಗಿಲಲ್ಲಿ ಕುಂಬಳಕಾಯಿ, ಬಣ್ಣದ ಜೋಳದ ತೆನೆ, ಒಣಹುಲ್ಲಿನ ಕಟ್ಟು ಜೋಡಿಸುತ್ತಾರೆ. ನಮ್ಮ ಮನೆಯ ಬೊಂಬೆಯ ಕೆಳಗಿನ ಸಾಲಿಗೂ ಅವೇ ಬಂದಿವೆ. ಮೇಪಲ್ ಎಲೆಗಳನ್ನು ಪುಸ್ತಕದೊಳಗೆ ಒತ್ತಿ ಒಣಗಿಸಿ, ಬೊಂಬೆಯ ಜೊತೆ ಮಾಡಿಡುವ ಪುಟ್ಟ ಚಾಮುಂಡಿ ಬೆಟ್ಟದ ಕೆಳಗೆ ಕಾಡಿನಂತೆ ಹರಡುತ್ತೇನೆ. ಕುಂಬಳಕಾಯಿಯನ್ನು ಕೊರೆಯದೆ ಇಡೀ ಇಟ್ಟರೆ ಒಂಬತ್ತು ದಿನವೂ ಗಟ್ಟಿಯಾಗಿರುತ್ತದೆ, ಕೊರೆದದ್ದು ಮನೆಯೊಳಗಿನ ಬೆಚ್ಚಗೆ ಬೇಗ ಕೊಳೆಯುತ್ತದೆ. ಮಕ್ಕಳ ಸ್ನೇಹಿತರು ಶನಿವಾರ ಬರುತ್ತಾರೆ, ಬಾಗಿನವೂ ಅಂದೇ.

ನನಗೂ ಒಂದು ಕಾಲಕ್ಕೆ ಪುಟ್ಟ ಮಗುವಿತ್ತು. ಟೀಚರ್ ಅವರು ಹೇಳಿದ ಕೆಳಗಿನ ಮೆಟ್ಟಿಲಿನ ಮಾತಿಗೆ ನನ್ನದೂ ಬೆಂಬಲ. ಈಗ ಆ ಮಗನಿಗೆ ಹದಿನಾರು, ಜಂಬೂಸವಾರಿಯನ್ನು ಬೇರೆ ಯಾರೂ ಜೋಡಿಸಕೂಡದು ಎನ್ನುತ್ತಾನೆ.

---

ಮರುಪ್ರಶ್ನೆ: ಧಾರವಾಡದ ಮಗಳು, ಮೈಸೂರಿನ ಸೊಸೆ

ಎಲ್ಲರಿಗೂ ಹೃದಯಪೂರ್ವಕ ಧನ್ಯವಾದ. ಟೀಚರ್, ನಿಮ್ಮ ಉತ್ತರವನ್ನು ಅತ್ತೆಯವರಿಗೆ ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಅಂಬಾರಿಯಲ್ಲಿರುವುದು ಮಹಾರಾಜರೇ. ರಾಣಿಗೆ ಖಣ ಉಡಿಸುವ ಮಾತು ಕೇಳಿ ಅವರಿಗೆ ಬಹಳ ಹಿಡಿಸಿತು, ಹಸಿರು ಮೈಗೆ ಕೆಂಪು ಅಂಚಿನದನ್ನು ತರಿಸು ಎಂದರು. ಅಮ್ಮನೂ ಒಪ್ಪಿ, ಅಚ್ಚಿನ ಜೊತೆಗೆ ಕಳಿಸುತ್ತೇನೆ ಎಂದಿದ್ದಾರೆ. ಟ್ರಂಕು, ಸೂಟ್‌ಕೇಸ್, ಮಣೆ ಇಟ್ಟು ನೋಡಿದೆವು. ಸೂಟ್‌ಕೇಸ್ ಅಂಗೈ ಊರಿದರೆ ಒಳಕ್ಕೆ ತಗ್ಗುತ್ತದೆ.

ಇನ್ನೆರಡು ಸಂಶಯ. ರಾಣಿಯ ಎಡಭುಜದಿಂದ ಮೊಣಕೈವರೆಗೆ ಕೂದಲೆಳೆಯಷ್ಟು ಸೀಳು ಬಿಟ್ಟಿದೆ. ಅದನ್ನು ಹಾಗೆಯೇ ಬಿಡಲೇ? ಹಬ್ಬ ಮುಗಿದ ಮೇಲೆ ಎಲ್ಲವನ್ನೂ ಒಳಗಿಡುವುದು ಹೇಗೆ? ಅತ್ತೆಯವರು ಟ್ರಂಕಿನ ತಳಕ್ಕೆ ಹಾಕಿದ್ದ ಬೇವಿನ ಎಲೆ ಪುಡಿಯಾಗಿದೆ. ನುಸಿಗುಳಿಗೆ ಹಾಕಲೇ?

---

ಉತ್ತರ: ಅಗ್ರಹಾರದ ಟೀಚರ್, ಮೈಸೂರು

ಸೂಟ್‌ಕೇಸ್ ಒಳಗೆ ಹಾಸಿಗೆಯ ಹೊದಿಕೆಗಳನ್ನು ಬಿಗಿಯಾಗಿ ತುಂಬಿ, ಮೇಲೆ ಒಂದು ಹಲಗೆ ಹಾಕು. ಆಗಲೂ ತಗ್ಗಿದರೆ ಅದನ್ನು ಬಿಟ್ಟು ಹಳೆಯ ಪುಸ್ತಕಗಳ ಎರಡು ಗುಡ್ಡೆಯ ಮೇಲೆ ಹಲಗೆ ಇಡು.

ರಾಣಿಯ ಸೀಳು ಮರ ಒಣಗಿ ಬಿಟ್ಟದ್ದು. ಹಾಗೆಯೇ ಬಿಟ್ಟರೆ ಬಟ್ಟೆ ಬಿಗಿಯುವಾಗ ದಾರ ಸಿಕ್ಕಿ ಅಗಲವಾಗುತ್ತದೆ. ಮರಗೆಲಸದ ಬಿಳಿ ಅಂಟನ್ನು ಸೂಜಿಯ ಮೊನೆಯಿಂದ ಸೀಳಿನೊಳಕ್ಕೆ ಇಳಿಸಿ, ಹೊರಗೆ ಬಂದದ್ದನ್ನು ಒದ್ದೆ ಬಟ್ಟೆಯಿಂದ ತಕ್ಷಣ ಒರೆಸಿ, ಹತ್ತಿಯ ದಾರ ಸುತ್ತಿ ಒಂದು ದಿನ ಬಿಡು. ಅಂಟು ಬೇಡ ಎಂದು ಮೊದಲು ಹೇಳಿದ್ದು ಬಟ್ಟೆಗೆ, ಇದಕ್ಕಲ್ಲ. ಬಣ್ಣ ಹಚ್ಚಲು ಹೋಗಬೇಡ. ಆ ಭುಜದ ಮೇಲೆ ಖಣದ ಸೆರಗು ಬರುತ್ತದೆ.

ನುಸಿಗುಳಿಗೆ ಬೇಡ. ಅದರ ಘಾಟು ಬಟ್ಟೆಗೆ ಹತ್ತಿದರೆ ಬಿಡುವುದಿಲ್ಲ, ಹಳೆಯ ಸೆಲ್ಯುಲಾಯ್ಡ್ ಮತ್ತು ಪ್ಲಾಸ್ಟಿಕ್ ಬೊಂಬೆಗಳ ಮೈ ಕೆಡುತ್ತದೆ, ಮಗು ಬಾಯಿಗೆ ಹಾಕಿಕೊಂಡರೆ ಅಪಾಯ. ಬೇವಿನ ಎಲೆಯನ್ನು ನೆರಳಿನಲ್ಲಿ ಗರಿಗರಿಯಾಗಿ ಒಣಗಿಸಿ, ತೆಳು ಬಟ್ಟೆಯ ಚೀಲದಲ್ಲಿ ಕಟ್ಟಿ ಮೂಲೆಗಳಲ್ಲಿಡು. ಬಜೆಯ ಬೇರಿನ ತುಂಡುಗಳೂ ಆಗುತ್ತವೆ, ಅವನ್ನೂ ಮಗುವಿನ ಕೈಗೆ ಸಿಗದಂತೆ ಕಟ್ಟು. ಸುತ್ತುವುದಕ್ಕೆ ಒಗೆದ ಹತ್ತಿ ಸೀರೆಯೇ ಸರಿ, ವೃತ್ತಪತ್ರಿಕೆ ಬೇಡ, ಮಸಿ ಮುಖಕ್ಕೆ ಹತ್ತುತ್ತದೆ. ಮಳೆ ಇದ್ದರೆ ಒಂದೆರಡು ದಿನ ತಡವಾದರೂ ಸರಿ, ಒಣ ಬಿಸಿಲಿನ ಮಧ್ಯಾಹ್ನ ನೋಡಿ ಒಳಗಿಡು. ತೇವದಲ್ಲಿ ಮುಚ್ಚಿದ ಟ್ರಂಕಿನಲ್ಲಿ ಮಣ್ಣಿನ ಬೊಂಬೆಯ ಬಣ್ಣ ಪೊರೆಪೊರೆಯಾಗಿ ಏಳುತ್ತದೆ. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಪಟ್ಟದ ಬೊಂಬೆ ಎಲ್ಲಕ್ಕಿಂತ ಮೇಲೆ, ಮುಂದಿನ ವರ್ಷ ಮೊದಲು ಕೈಗೆ ಬರುವಂತೆ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ ಈ ವರ್ಷ ಯಾವುದನ್ನು ಇಟ್ಟೆ, ಯಾವುದನ್ನು ಬಿಟ್ಟೆ ಎಂದು ಬರೆದಿಡು.

ಹಬ್ಬದ ದಿನ ಫೋಟೊ ಹಾಕು. ನಿಂತು ತೆಗೆದದ್ದು ಬೇಡ, ಮಗಳ ಪಕ್ಕದಲ್ಲಿ ಕುಳಿತು ತೆಗೆದದ್ದು.